ಸರಳಿಗೆ ಕಟ್ಟಿದ ಬ್ಯಾಂಡೇಜ್ ಪಟ್ಟಿ

ಎರಡು ಸಾವಿರದ ಒಂಬತ್ತರ ಮಳೆಗಾಲ. ಶ್ರಾವಣದ ನಾರಳಿ ಹುಣ್ಣಿಮೆ ಕಳೆದ ಮೇಲಿನ ಸೋಮವಾರ, ಬೆಳಗಿನ ಪಾಳಿ. ಕಾರವಾರದ ಕೋಡಿಬಾಗದಲ್ಲಿ ನಾನು ನರ್ಸ್ ಆಗಿದ್ದ ಆಸ್ಪತ್ರೆಯ ನದಿ ವಾರ್ಡಿನ ಬಾಗಿಲಲ್ಲಿ, ಹೊಸ್ತಿಲಿನ ಒಳಬದಿಗೆ, ನಿಂತಿದ್ದೆ. ಬಲಕ್ಕೆ ಕಾಳಿ ನದಿಯ ಕಡೆಯ ಕಿಟಕಿಗಳು, ಬೆನ್ನ ಹಿಂದೆ ಕಾರಿಡಾರು. ಕೈಯಲ್ಲಿ ಥರ್ಮಾಮೀಟರ್ ಇಟ್ಟ ಸ್ಟೀಲ್ ಲೋಟ. ಹೊರಗೆ ಏಣಿ ಹತ್ತಿದ ಒಬ್ಬ ಮನುಷ್ಯ ಕಿಟಕಿಗೆ ನೀಲಿ ತಾಡಪತ್ರಿ ಎಳೆದು ಮೊಳೆ ಹೊಡೆಯುತ್ತಿದ್ದ. ಅವನ ಮುಖ ಕಾಣುತ್ತಿರಲಿಲ್ಲ, ಸೊಂಟದಿಂದ ಕೆಳಗೆ ಮಾತ್ರ ಕಾಣುತ್ತಿತ್ತು. ಒಂದೊಂದು ಕಿಟಕಿ ಮುಗಿದ ಹಾಗೆ ವಾರ್ಡಿನ ಒಳಗೆ ಅಷ್ಟಷ್ಟೇ ಕತ್ತಲಾಯಿತು. ಇಷ್ಟನ್ನು ನಾನು ಕಣ್ಣಾರೆ ಕಂಡೆ. ಕಂಡದ್ದನ್ನು ಕಂಡೆ ಎಂದೂ, ಕೇಳಿದ್ದನ್ನು ಕೇಳಿದೆ ಎಂದೂ ಮುಂದೆ ಬರೆಯುತ್ತೇನೆ.

ನಾನು ನಿವೃತ್ತನಾಗಿ ಕೆಲವು ವರ್ಷಗಳಾದವು. ಈಚೆಗೆ ಅಂಕೋಲೆಯ ಕಡೆಯ ನರ್ಸಿಂಗ್ ಕಲಿಯುವ ಮಕ್ಕಳು ಮನೆಗೆ ಬಂದು, ಸೇವೆಯ ಸ್ಮರಣೀಯ ಕ್ಷಣಗಳನ್ನು ಹೇಳಿ ಎಂದರು. ಅವರ ಮನಸ್ಸಿನಲ್ಲಿದ್ದದ್ದು ಬಹುಶಃ ಸಾಯುವವನನ್ನು ನಾನು ಬದುಕಿಸಿ, ಅವನ ತಾಯಿ ನನ್ನ ಕೈ ಹಿಡಿದು ಅಳುವ ದೃಶ್ಯ. ಅಂಥವೂ ಇವೆ. ನನ್ನ ಬೀಳ್ಕೊಡುಗೆಯ ದಿನ ಬೇರೆಯವರು ಅವನ್ನೆಲ್ಲ ಹೇಳಿ ಮುಗಿಸಿದ್ದಾರೆ, ನಡೆಯದೇ ಇದ್ದವನ್ನೂ ಸೇರಿಸಿ. ಬಡ್ತಿಯ ವಿಷಯ ಬರೆಯುವಂಥದ್ದೇನಿಲ್ಲ. ಬಡ್ತಿಯಾದ ಮೇಲೂ ಬೆಡ್‌ಪ್ಯಾನಿನ ವಾಸನೆ ಒಂದೇ. ಕಿಟಕಿಗಳ ವಿಷಯ ಮಾತ್ರ ಯಾವ ಭಾಷಣದಲ್ಲೂ ಬರಲಿಲ್ಲ. ಅದಕ್ಕಾಗಿ ಇದು.

ನಮ್ಮದು ಸರ್ಕಾರಿ ಆಸ್ಪತ್ರೆಯಲ್ಲ. ಊರಿನ ಕೆಲವು ಉಳ್ಳವರು ಪುಣ್ಯಕ್ಕಾಗಿ ಕಟ್ಟಿಸಿದ, ಅವರ ಮಕ್ಕಳು ಪ್ರತಿಷ್ಠೆಗಾಗಿ ನಡೆಸಿದ ಧರ್ಮಾರ್ಥ ಆಸ್ಪತ್ರೆ. ಈಗ ಅದು ಇಲ್ಲ. ಹೆಸರು ಬರೆಯುವುದಿಲ್ಲ. ಅದರ ಮಾನ ಉಳಿಸಲಿಕ್ಕಲ್ಲ. ನಡೆಸಿದವರಲ್ಲಿ ಕೆಲವರು ಬದುಕಿದ್ದಾರೆ, ಹೆಸರು ಅಚ್ಚಾದರೆ ಅವರು ಖುಷಿಪಡುತ್ತಾರೆ.

ನಾನು ಕೆಲಸಕ್ಕೆ ಸೇರಿದಾಗ ನದಿ ವಾರ್ಡು ಕ್ಷಯರೋಗಿಗಳ ವಾರ್ಡಾಗಿತ್ತು. ಕಟ್ಟಿಸಿದ ಹಿರಿಯರು ಬುದ್ಧಿವಂತರು. ಒಂದು ಗೋಡೆಯ ತುಂಬ ನದಿ ಕಡೆಗೆ ಕಿಟಕಿ, ಅವುಗಳ ಎದುರಿಗೇ ಇನ್ನೊಂದು ಗೋಡೆಯ ತುಂಬ ಓಣಿಯ ಕಡೆಗೆ ಕಿಟಕಿ. ಹೊಳೆಯ ಗಾಳಿ ಅತ್ತಲಿಂದ ಬಂದು ಇತ್ತ ಹೋಗುತ್ತಿತ್ತು. ಆಗ ನಮಗೆ ಮೇಟ್ರನ್ ಆಗಿದ್ದವರನ್ನು ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದರು. ಗಿಡ್ಡ ಹೆಂಗಸು, ಮೆಲ್ಲನೆ ಮಾತು. ಗಾಜಿನ ಸಿರಿಂಜನ್ನು ಕುದಿಸುವುದು, ಮೊಂಡಾದ ಸೂಜಿಯನ್ನು ಕಲ್ಲಿಗೆ ಮಸೆಯುವುದು, ಎಲ್ಲ ಅವರೇ ಕಲಿಸಿದ್ದು. ಆ ಕಲೆಗಳು ಈಗ ಯಾರಿಗೂ ಬೇಡ, ಬೇಡವಾದದ್ದೇ ಒಳ್ಳೆಯದು. ನಾವು ಮಸೆದ ಸೂಜಿ ಚುಚ್ಚಿಸಿಕೊಂಡವರು ಇದನ್ನು ಒಪ್ಪುತ್ತಾರೆ.

ಬಾಯಿಯವರ ಒಂದು ಪದ್ಧತಿಯನ್ನು ಮಾತ್ರ ಬಿಡಬಾರದಿತ್ತು. ನದಿ ಕಡೆಯ ನಡುವಿನ ಕಿಟಕಿಯ ಸರಳಿಗೆ ಒಂದು ಗೇಣು ಬ್ಯಾಂಡೇಜ್ ಬಟ್ಟೆಯ ಪಟ್ಟಿ ಕಟ್ಟಿರುತ್ತಿದ್ದರು. ಪಾಳಿ ಬದಲಾಗುವಾಗ ಬಂದವರು, ಹೋಗುವವರು ಇಬ್ಬರೂ ಮೊದಲು ಅದನ್ನು ನೋಡಬೇಕು. ಪಟ್ಟಿ ಅಲ್ಲಾಡುತ್ತಿದ್ದರೆ ವಾರ್ಡು ವಹಿಸಿಕೊಳ್ಳಬಹುದು. ಅಲ್ಲಾಡದೆ ಜೋತುಬಿದ್ದಿದ್ದರೆ ಹೋಗುವವರು ಹೋಗುವ ಹಾಗಿಲ್ಲ. ಎಲ್ಲಿ ಕಿಟಕಿ ಮುಚ್ಚಿದೆ ನೋಡಿ, ತೆಗೆದು, ಆಮೇಲೆ ಹೋಗಬೇಕು. ನಾಡಿ, ಜ್ವರ, ಔಷಧ ಎಲ್ಲ ಅದರ ನಂತರ.

ಸೇರಿದ ಹೊಸತರಲ್ಲಿ, ಒಂದು ಜೋರು ಮಳೆಯ ದಿನ, ಮಾಜಾಳಿಯ ಒಬ್ಬ ಮುದುಕ ಚಳಿ ಎಂದು ಗೋಳಾಡಿದ. ನಾನು ದಯಾಳುವಾಗಿ ಕಿಟಕಿಗಳನ್ನೆಲ್ಲ ಮುಚ್ಚಿದೆ. ಬಾಯಿ ಬಂದರು, ಪಟ್ಟಿ ನೋಡಿದರು, ಮುದುಕನಿಗೆ ಎರಡು ಕಂಬಳಿ ಹೊದಿಸಿದರು, ನನ್ನ ಕೈಗೆ ನೆಲ ಒರೆಸುವ ಬಟ್ಟೆ ಕೊಟ್ಟರು, ಕಿಟಕಿಗಳನ್ನು ತಾವೇ ತೆರೆದರು. “ತಂಡಿಗೆ ಕಂಬಳಿ ಇದೆ. ಗಾಳಿ ಇಲ್ದಿದ್ರೆ ಅದ್ಕೆ ಏನ್ ಹೊದ್ಸ್ತೀಯಾ?” ಎಂದರು. ಆ ದಿನವಿಡೀ ಒಳಗೆ ಬಿದ್ದ ಮಳೆನೀರನ್ನು ಒರೆಸುತ್ತಾ ಇದ್ದೆ. ಮುದುಕ ಕಂಬಳಿಯ ಒಳಗಿನಿಂದ ನನ್ನನ್ನು ನೋಡಿ ನಗುತ್ತಿದ್ದ.

ಬಾಯಿ ನಿವೃತ್ತರಾಗಿ ಅಂಕೋಲೆಯ ತಮ್ಮ ಮನೆಗೆ ಹೋದರು. ಆಸ್ಪತ್ರೆ ಸುಧಾರಿಸಿತು. ಆಡಳಿತ ಮಂಡಳಿಗೆ ಹೊಸ ಕಾರ್ಯದರ್ಶಿಯೊಬ್ಬರು ಬಂದರು. ನೆಲಕ್ಕೆ ಹೊಳೆಯುವ ಟೈಲ್ಸ್ ಬಂತು. ಅದರ ಮೇಲೆ ಜಾರಿ ಬಿದ್ದವರು ನಮ್ಮಲ್ಲೇ ಚಿಕಿತ್ಸೆ ಪಡೆದರು. ಸಿಸ್ಟರುಗಳು ರೋಗಿಯ ಜೊತೆ ಹೇಗೆ ನಗಬೇಕು ಎಂದು ಕಲಿಸಲು ಹುಬ್ಬಳ್ಳಿಯಿಂದ ಒಬ್ಬರನ್ನು ಕರೆಸಿದರು. ಕಾರ್ಯದರ್ಶಿಗಳು ಕೆಟ್ಟವರಲ್ಲ, ಇದನ್ನು ನ್ಯಾಯವಾಗಿ ಹೇಳಬೇಕು. ಯಾರಾದರೂ ಜೋರಾಗಿ ಏನು ಕೇಳಿದರೂ ಅವರು ಮಾಡುತ್ತಿದ್ದರು. ನರ್ಸುಗಳು ಮೆಲ್ಲಗೆ ಕೇಳುತ್ತಿದ್ದರು, ಅಷ್ಟೇ ತೊಡಕು.

ಪಟ್ಟಿ ಕಟ್ಟುವ ಪದ್ಧತಿಯನ್ನು ಉಳಿಸಿಕೊಂಡವಳು ಸುಲೋಚನಾ ಸಿಸ್ಟರ್ ಒಬ್ಬಳೇ. ಅಂಕೋಲೆಯ ಕೇಣಿ ಕಡಲತಡಿಯ ಹುಡುಗಿ, ಮೀನುಗಾರರ ಮನೆ, ಅಪ್ಪನಿಗೆ ಸ್ವಂತ ದೋಣಿ ಇತ್ತು. ಗಾಳಿಯ ವಿಷಯ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಹಳೆಯದು ಮಾಸಿದಾಗ ಹೊಸ ಪಟ್ಟಿ ಕಟ್ಟುತ್ತಿದ್ದಳು. ನಾವು ಅವಳನ್ನು ಬಾಯಿಯ ಭೂತ ಎಂದು ಹಾಸ್ಯ ಮಾಡುತ್ತಿದ್ದೆವು. ಮಗಳು ಆಗ ಹೈಸ್ಕೂಲಿನಲ್ಲಿದ್ದಳು, ಗಂಡ ಅಂಕೋಲೆ ಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ. ನಾನೂ ಅವಳೂ ಒಂದೇ ಬಸ್ಸಿಗೆ ಅಂಕೋಲೆಯಿಂದ ಬರುತ್ತಿದ್ದೆವು.

ಆ ವರ್ಷ ಹಂದಿಜ್ವರ ಬಂತು. ಮೊದಲು ಟೀವಿಯಲ್ಲಿ ಬಂತು, ಆಮೇಲೆ ಪುಣೆಯಲ್ಲಿ, ಆಮೇಲೆ ಗೋವೆಯಲ್ಲಿ. ಗೋವೆಗೆ ಬಂದದ್ದು ಕಾರವಾರಕ್ಕೆ ಬರುವುದಿಲ್ಲ ಎಂದು ನಂಬಿದವರೂ ಇದ್ದರು. ದಿನಾ ಬೆಳಿಗ್ಗೆ ಮಾಜಾಳಿಯಿಂದ ಗೋವೆಗೆ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುವವರನ್ನು ಅವರು ನೋಡಿರಲಿಲ್ಲವೇನೋ. ನಮ್ಮ ಮೊದಲ ರೋಗಿ ಅಂಥವರಲ್ಲೇ ಒಬ್ಬ, ಹೋಟೆಲಿನಲ್ಲಿ ಪಾತ್ರೆ ತೊಳೆಯುವವನು. ಅವನನ್ನು ನದಿ ವಾರ್ಡಿಗೆ ಹಾಕಿದರು. ಆ ವಾರದಲ್ಲೇ ಅರ್ಧ ವಾರ್ಡು ತುಂಬಿತು.

ಆಸ್ಪತ್ರೆಯ ಹಿಂದಿನ ಓಣಿಯವರು ಸೇರಿ ಕಾರ್ಯದರ್ಶಿಗಳ ಬಳಿ ಬಂದರು. ಕಿಟಕಿಯಿಂದ ರೋಗದ ಗಾಳಿ ತಮ್ಮ ಅಂಗಳಕ್ಕೆ ಬೀಸುತ್ತದೆ, ಒಣಗಲು ಹಾಕಿದ ಮೀನಿಗೂ ತಾಗುತ್ತದೆ ಎಂಬುದು ಅವರ ದೂರು. ಅವರು ಜೋರಾಗಿ ಕೇಳಿದರು. ಕಾರ್ಯದರ್ಶಿಗಳು ಮರುದಿನವೇ ಕಿಟಕಿ ಮುಚ್ಚಿಸಲು ಜನ ಕಳಿಸಿದರು. ದೊಡ್ಡ ಡಾಕ್ಟರು ಇದಕ್ಕೆ ಏನೆಂದರು ಎಂದು ನೀವು ಕೇಳಬಹುದು. ನಾನು ಅಲ್ಲೇ ಇದ್ದೆ. ಅವರು ಕನ್ನಡಕ ಒರೆಸಿಕೊಂಡು, ಇದು ಆಡಳಿತದ ವಿಷಯ ಎಂದರು.

ಏಣಿಯ ಮೇಲಿದ್ದವನು ಮಾಜಾಳಿಯ ಪಾಂಡುರಂಗ, ಬೋಟು ರಿಪೇರಿ ಮಾಡುವವನು. ಬಡಗಿಯನ್ನು ಕರೆಯದೆ ಅವನನ್ನು ಏಕೆ ಕರೆದರು ಎಂದರೆ, ಬಡಗಿ ಮುಚ್ಚಿದ ಕಿಟಕಿಯಲ್ಲಿ ಎಲ್ಲಾದರೂ ಸಂದಿ ಉಳಿಯುತ್ತದೆ. ಪಾಂಡುರಂಗ ದೋಣಿಯ ಹಲಗೆಗೆ ಮಾಡುವ ಹಾಗೆ ಪ್ರತಿ ಸಂದಿಗೆ ಹತ್ತಿ ತುರುಕಿ, ಡಾಂಬರು ಬಳಿದು, ಮೇಲೆ ತಾಡಪತ್ರಿ ಎಳೆದ. ನದಿಯ ಕಡೆ, ಓಣಿಯ ಕಡೆ, ಎರಡೂ. ಅವನ ಕೆಲಸದಲ್ಲಿ ದೋಷ ಹುಡುಕುವ ಹಾಗಿರಲಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಆ ವರ್ಷ ಅಷ್ಟು ಶ್ರದ್ಧೆಯಿಂದ ನಡೆದ ಕೆಲಸ ಇನ್ನೊಂದಿಲ್ಲ.

ಅವನು ಸುಲೋಚನಾಳ ಅಪ್ಪನ ದೋಣಿಯನ್ನೂ ಹಿಂದೆ ರಿಪೇರಿ ಮಾಡಿದವನು. ಅವಳು ಒಳಗಿನಿಂದ ಕಿಟಕಿಯ ಬಳಿ ಹೋಗಿ ಅವನನ್ನು ಮಾತಾಡಿಸಿದಳು.

“ಪಾಂಡು ಮಾಮಾ, ಎಲ್ಲ ಮುಚ್ಚಿ ನಮ್ಮನ್ನ ಸಮುದ್ರಕ್ಕೆ ಇಳಿಸ್ತ್ಯೇನೋ?”

“ಇಳ್ಸಿದ್ರೂ ಮುಳುಗೂದಿಲ್ಲ ಸುಲೂ,” ಎಂದ ಅವನು ಹೊರಗಿನಿಂದ. “ಒಂದ್ ಹನಿ ನೀರ್ ಒಳಗೆ ಬಂದ್ರೆ ನನ್ನ ಕೇಳು.”

“ನೀರ್ ಬರೂದು ಬೇಡ ಮಾರಾಯಾ. ನಾವು ಒಳಗೆ ಮೀನಲ್ಲ, ಮನಷರು.”

ಅವನು ನಕ್ಕ. ಅವಳೂ ನಕ್ಕಳು. ನಡುವಿನ ಕಿಟಕಿಯ ಸರಳಿನಲ್ಲಿ ಪಟ್ಟಿ ಹಾಗೇ ಇತ್ತು. ಕಿಟಕಿ ಮುಚ್ಚುವಾಗ ಅದು ಒಮ್ಮೆ ಎದ್ದು, ಮತ್ತೆ ಇಳಿದು, ನಿಂತಿತು. ನಾನು ಬಾಗಿಲಲ್ಲಿ ನಿಂತು ಕಂಡದ್ದು ಇದು.

ಅಲ್ಲಿಂದ ಮುಂದೆ ವಾರ್ಡಿನ ಒಳಗಿನ ಗಾಳಿ ನಮ್ಮ ಸ್ವಂತದ್ದಾಯಿತು. ಹೊರಗಿನವರು ಅದಕ್ಕೆ ಕೈ ಹಾಕುವ ಹಾಗಿರಲಿಲ್ಲ. ರೋಗಿಗಳು ಕೆಮ್ಮುತ್ತಿದ್ದರು, ಫ್ಯಾನು ಅದನ್ನು ಎಲ್ಲರಿಗೂ ಸಮನಾಗಿ ಹಂಚುತ್ತಿತ್ತು. ಮುಖಗವಸು ಎರಡು ಬಗೆಯವು ಇದ್ದವು. ಒಂದು, ಮೂಗಿನ ಮೇಲೆ ಬಿಗಿಯಾಗಿ ಕೂರುವ, ಬಟ್ಟಲಿನ ಆಕಾರದ್ದು; ಅದರ ಪೆಟ್ಟಿಗೆ ಕಾರ್ಯದರ್ಶಿಗಳ ಕೋಣೆಯ ಕಪಾಟಿನಲ್ಲಿತ್ತು, ತುರ್ತಿಗೆ ಬೇಕಾಗುತ್ತದೆ ಎಂದು. ಮಂಡಳಿಯ ಸದಸ್ಯರು ವಾರ್ಡನ್ನು ನೋಡಲು ಬಂದಾಗ ತುರ್ತು ಆಗುತ್ತಿತ್ತು. ಅವರು ಅದನ್ನು ಹಾಕಿಕೊಂಡು ಹೊಸ್ತಿಲಿನ ಹೊರಗೆ ನಿಂತು ನಮಗೆ ಕೈ ಬೀಸುತ್ತಿದ್ದರು. ಇನ್ನೊಂದು, ಕಿವಿಗೆ ಸಿಕ್ಕಿಸುವ ತೆಳ್ಳನೆಯದು, ಕೆನ್ನೆಯ ಎರಡೂ ಕಡೆ ಬೆರಳು ತೂರುವಷ್ಟು ಸಡಿಲ. ಅದು ನಮಗೆ. ಪಾಳಿಗೆ ಒಂದು.

ಸುಲೋಚನಾ ಮೂರು ಸಂಗತಿ ಕೇಳಿದಳು. ನದಿ ಕಡೆಯ ಕಿಟಕಿಯನ್ನಾದರೂ ತೆರೆಯಬೇಕು, ಅತ್ತ ಯಾರ ಮನೆಯೂ ಇಲ್ಲ, ಬರೀ ಹೊಳೆ. ಕಪಾಟಿನ ಪೆಟ್ಟಿಗೆ ವಾರ್ಡಿಗೆ ಬರಬೇಕು. ಪಾಳಿ ಮುಗಿದ ಮೇಲೆ ಮೈ ತೊಳೆದು ಬಟ್ಟೆ ಬದಲಾಯಿಸಲು ಒಂದು ಜಾಗ ಬೇಕು, ಏಕೆಂದರೆ ನಾವು ಅದೇ ಬಟ್ಟೆಯಲ್ಲಿ ಬಸ್ಸು ಹತ್ತಿ ಮನೆಗೆ ಹೋಗುತ್ತಿದ್ದೆವು. ಅವಳ ಜೊತೆ ನಾನೂ ಹೋಗಿದ್ದೆ. ಕಾರ್ಯದರ್ಶಿಗಳು ನಮ್ಮನ್ನು ಕೂರಿಸಿ ಚಹಾ ತರಿಸಿದರು.

“ಸಿಸ್ಟರ್, ನಿಮ್ ತ್ಯಾಗ ನಂಗೆ ಗೊತ್ತದೆ,” ಎಂದರು. “ಆದ್ರೆ ಕಿಟಕಿ ತೆಗೆದ್ರೆ ಊರವ್ರು ಗಲಾಟೆ ಮಾಡ್ತಾರೆ.”

“ನಾವು ಗಲಾಟೆ ಮಾಡೂದಿಲ್ಲ ಅಂತ ಧೈರ್ಯ ಅಲ್ದಾ ಸಾಹೇಬ್ರೇ?” ಎಂದಳು ಸುಲೋಚನಾ.

“ನೀವು ದೇವತೆಗಳು. ದೇವತೆಗಳು ಗಲಾಟೆ ಮಾಡ್ತಾರೇನ್ರಿ?”

ಚಹಾ ಚೆನ್ನಾಗಿತ್ತು. ಮತ್ತೆರಡು ಸಲ ಹೋದೆವು. ಎರಡು ಸಲವೂ ಚಹಾ ಸಿಕ್ಕಿತು.

ಚೌತಿಗೆ ಅವಳಿಗೆ ರಜೆ ಸಿಗಲಿಲ್ಲ. ಕೇಣಿಯ ಮನೆಯಲ್ಲಿ ಗಣಪತಿ ಕೂರಿಸಿದ ದಿನ ಅವಳು ವಾರ್ಡಿನಲ್ಲಿ ಇದ್ದಳು, ಮಧ್ಯಾಹ್ನದ ಹೊತ್ತಿಗೆ ಗೋಡೆ ಹಿಡಿದು ನಿಂತಳು. ನಾನು ಹಣೆ ಮುಟ್ಟಿದೆ. ಥರ್ಮಾಮೀಟರ್ ಬೇಕಾಗಲಿಲ್ಲ. ಅವಳನ್ನು ಅವಳದೇ ವಾರ್ಡಿನಲ್ಲಿ, ನಡುವಿನ ಕಿಟಕಿಯ ಕೆಳಗಿನ ಹಾಸಿಗೆಯಲ್ಲಿ ಮಲಗಿಸಿದೆವು. ಬೇರೆ ಹಾಸಿಗೆ ಖಾಲಿ ಇರಲಿಲ್ಲ. ರೋಗಿಯಾಗಿಯೂ ಅವಳು ಕೆಲಸ ಬಿಡಲಿಲ್ಲ. ಪಕ್ಕದವರ ಸಲೈನ್ ಮುಗಿಯಿತು ಎಂದು ನಮ್ಮನ್ನು ಕೂಗಿ ಹೇಳುತ್ತಿದ್ದಳು. ಮೂರನೆಯ ದಿನ ಕೂಗುವಷ್ಟು ಉಸಿರು ಇರಲಿಲ್ಲ. ನನ್ನನ್ನು ಕೈಸನ್ನೆಯಿಂದ ಕರೆದಳು. ಕಣ್ಣು ಮೇಲೆ ಸರಳಿನ ಕಡೆಗಿತ್ತು.

“ಬ್ರದರ್, ಪಟ್ಟಿ ಅಲ್ಲಾಡ್ತದಾ ನೋಡಿ.”

ನೋಡಿದೆ. ಫ್ಯಾನಿನ ಗಾಳಿ ಆ ಮೂಲೆಗೆ ತಲುಪುತ್ತಿರಲಿಲ್ಲ. ಇಲ್ಲ ಎಂದೆ. ಅವಳಿಗೆ ಸುಳ್ಳು ಹೇಳಿ ಉಪಯೋಗವಿರಲಿಲ್ಲ, ಅವಳು ಆ ಪಟ್ಟಿಯನ್ನು ನನಗಿಂತ ಚೆನ್ನಾಗಿ ಬಲ್ಲವಳು.

ಅದೇ ಸಂಜೆ ಅವಳನ್ನು ಅಂಬುಲೆನ್ಸಿನಲ್ಲಿ ದಕ್ಷಿಣದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮುಂದಿನದು ನಾನು ಕಂಡದ್ದಲ್ಲ, ಡ್ರೈವರ್ ಹೇಳಿದ್ದು. ಅಂಕೋಲೆ ಬರುವಾಗ ಕಿಟಕಿ ಸರಿಸು ಎಂದು ಸನ್ನೆ ಮಾಡಿದಳಂತೆ. ಅವನು ಸರಿಸಿದ. ಊರು ದಾಟುವ ತನಕ ಮುಖವನ್ನು ಆ ಕಡೆಗೇ ಇಟ್ಟುಕೊಂಡಿದ್ದಳಂತೆ. ದೊಡ್ಡ ಆಸ್ಪತ್ರೆಯ ಡಾಕ್ಟರುಗಳು ತಡವಾಯಿತು ಎಂದರು. ಎರಡು ದಿನ ಬದುಕಿದ್ದಳು.

ಅವಳ ಹಿಂದೆ ಲಲಿತಾ ಹೋದಳು. ಕಾರವಾರದವಳೇ, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಹುಬ್ಬಳ್ಳಿಯವರು ಕಲಿಸಿದ ಹಾಗೆ ನಗಲು ಬರುತ್ತಿದ್ದದ್ದು ನಮ್ಮಲ್ಲಿ ಅವಳೊಬ್ಬಳಿಗೇ. ಅವಳ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲು ಸಮಯ ಸಿಗಲಿಲ್ಲ ಎಂಬುದನ್ನು ಬರೆದಿಡುತ್ತೇನೆ, ಅಷ್ಟೂ ಯಾರೂ ಬರೆಯದೆ ಹೋಗಬಾರದು.

ಇಬ್ಬರೂ ತಮ್ಮ ತಮ್ಮ ಊರಿನಿಂದಲೇ ರೋಗ ತಂದುಕೊಂಡರು ಎಂದು ಆಡಳಿತ ಮಂಡಳಿ ತೀರ್ಮಾನಿಸಿತು. ಕೇಣಿಯಲ್ಲಿ ಆಗ ಒಬ್ಬರಿಗೂ ಆ ಜ್ವರ ಬಂದದ್ದು ನಾನು ಕೇಳಿಲ್ಲ. ಬಹುಶಃ ಅಲ್ಲಿ ಇದ್ದದ್ದೆಲ್ಲವನ್ನೂ ಸುಲೋಚನಾ ಒಬ್ಬಳೇ ಬಸ್ಸಿನಲ್ಲಿ ತಂದಿರಬೇಕು.

ತೀರ್ಮಾನದ ಬೆನ್ನಿಗೇ ಸನ್ಮಾನ ಬಂತು. ಇಬ್ಬರಿಗೂ ಮರಣೋತ್ತರ ಪ್ರಶಸ್ತಿ, ಮನೆಯವರಿಗೆ ಶಾಲು, ಚೌಕಟ್ಟು ಹಾಕಿದ ಭಾವಚಿತ್ರ. ಒಂದೇ ಕಾರ್ಯಕ್ರಮದಲ್ಲಿ ಇಬ್ಬರೂ ಮುಗಿಯುತ್ತಿದ್ದರು. ಮಹಾಲಯ ಪಕ್ಷ ನಡೆದಿತ್ತು. ಮದುವೆ, ಉದ್ಘಾಟನೆ ಯಾವುದೂ ಇಲ್ಲದ ದಿನಗಳು, ಹಾಗಾಗಿ ದೊಡ್ಡ ಅತಿಥಿಯೊಬ್ಬರೂ ಸುಲಭವಾಗಿ ಸಿಕ್ಕರು.

ಆ ಹೊತ್ತಿಗೆ ಹಳೆಯ ರೋಗಿಗಳು ಮನೆಗೆ ಹೋಗಿ ನದಿ ವಾರ್ಡು ಖಾಲಿಯಾಗಿತ್ತು. ಔಷಧದ ನೀರಿನಿಂದ ತೊಳೆದಿದ್ದೆವು. ಹೊಸ ರೋಗಿಗಳು ಕಾರಿಡಾರಿನಲ್ಲಿ ಮಲಗಿದ್ದರು. ಕಾರ್ಯಕ್ರಮದ ಮರುದಿನ ಅವರನ್ನು ಒಳಗೆ ಹಾಕುವುದು ಎಂದಾಗಿತ್ತು. ಒಳಗಿನ ಪಾಳಿ ವಿಮಲಾ ಸಿಸ್ಟರದ್ದು. ಸುಲೋಚನಾಳ ಜೊತೆಯವಳು, ಅಂಕೋಲೆಯವಳೇ. ಮನೆಯಲ್ಲಿ ಎದೆಹಾಲು ಬಿಡಿಸದ ಕೂಸು ಇತ್ತು. ಕಿಟಕಿ ಹಾಗೇ ಇದ್ದರೆ ಮೂರನೆಯ ಭಾವಚಿತ್ರಕ್ಕೆ ಯಾರ ಮುಖ ಎಂಬುದು ನಮಗೆಲ್ಲ ಗೊತ್ತಿತ್ತು, ಅವಳಿಗೂ.

ಸನ್ಮಾನವನ್ನು ಎಲ್ಲಿ ಇಡುವುದು ಎಂದು ಕಾರ್ಯದರ್ಶಿಗಳು ಸಿಬ್ಬಂದಿಯನ್ನು ಕೇಳಿದಾಗ ವಿಮಲಾ, ಅವರಿಬ್ಬರೂ ದುಡಿದ ನದಿ ವಾರ್ಡಿನಲ್ಲೇ ಆಗಲಿ, ಅತಿಥಿಗಳು ಧೈರ್ಯವಾಗಿ ಒಳಗೆ ಬಂದರು ಎಂದು ಪೇಪರಿನಲ್ಲಿ ಫೋಟೊ ಬಂದರೆ ಊರವರ ಹೆದರಿಕೆಯೂ ಹೋಗುತ್ತದೆ ಎಂದಳು. ಕಾರ್ಯದರ್ಶಿಗಳಿಗೆ ಫೋಟೊದ ಮಾತು ಹಿಡಿಸಿತು. ಇಂಥ ಒಳ್ಳೆಯ ಸಲಹೆ ಕೊಡುವ ನರ್ಸು ಇಷ್ಟು ದಿನ ಎಲ್ಲಿದ್ದಳು ಎಂದು ಅವರಿಗೆ ಆಶ್ಚರ್ಯವಾಯಿತು.

ಬಟ್ಟೆ ಮಡಚುವ ಕೋಣೆಯಲ್ಲಿ ನಾನು ಅವಳನ್ನು ಕೇಳಿದೆ, ಇದೇನು ಹೊಸ ಭಕ್ತಿ ಎಂದು.

“ಭಕ್ತಿ ಎಂತದೂ ಇಲ್ಲ ಬ್ರದರ್,” ಎಂದಳು, ಹಾಸಿಗೆಬಟ್ಟೆಯ ಮೂಲೆ ನನ್ನ ಕೈಗೆ ಕೊಡುತ್ತಾ. “ನಾವು ಮೂರು ಸಲ ಹೇಳಿದ್ದು ಅವ್ರಿಗೆ ಅರ್ಥ ಆಗ್ಲಿಲ್ಲ. ಒಂದ್ ತಾಸು ಒಳಗೆ ಕೂತ್ಕಳ್ಳಿ. ಭಾಷಣ ಅವ್ರೇ ಮಾಡ್ತ್ರು, ಉಸಿರೂ ಅವ್ರೇ ತಕ್ಕಳ್ಳಿ.”

ಕಾರ್ಯಕ್ರಮದ ದಿನ ಮಧ್ಯಾಹ್ನ ಬಿಸಿಲು ಬಿದ್ದಿತ್ತು. ತಾಡಪತ್ರಿ ಕಾದು ಡಾಂಬರಿನ ವಾಸನೆ ಒಳಗೆಲ್ಲ ತುಂಬಿತ್ತು. ಮಂಚಗಳನ್ನು ಸರಿಸಿ ಕುರ್ಚಿ ಹಾಕಿದ್ದರು. ನಡುವಿನ ಕಿಟಕಿಯ ಕೆಳಗೆ ವೇದಿಕೆ. ಹೂಮಾಲೆ ಹಾಕಿದ ಎರಡು ಭಾವಚಿತ್ರ, ಎತ್ತರದ ಹಿತ್ತಾಳೆ ದೀಪ, ಒಂದು ಕಟ್ಟು ಊದುಬತ್ತಿ. ಓಣಿಯ ಹಿರಿಯರು ಬಂದಿದ್ದರು. ಸುಲೋಚನಾಳ ಗಂಡ, ಮಗಳು ಬಂದಿದ್ದರು. ಅವರನ್ನು ಕರೆತಂದವನು ಪಾಂಡುರಂಗ; ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತಿದ್ದ. ಅಂಕೋಲೆಯಿಂದ ಬಾಯಿ ಬಂದಿದ್ದರು, ಬೆನ್ನು ಬಾಗಿತ್ತು. ನನ್ನ ಕೈ ಹಿಡಿದು ಒಳಗೆ ಬಂದವರು ಮೊದಲು ಸರಳಿನ ಕಡೆ ನೋಡಿದರು. ಸುಲೋಚನಾ ಕಟ್ಟಿದ ಕೊನೆಯ ಪಟ್ಟಿ ಅಲ್ಲೇ ಜೋತುಬಿದ್ದಿತ್ತು. ಬಾಯಿ ಕುರ್ಚಿಯಲ್ಲಿ ಕೂರಲಿಲ್ಲ.

ಅತಿಥಿಗಳು ಬಟ್ಟಲಿನ ಆಕಾರದ ಮುಖಗವಸು ಹಾಕಿಕೊಂಡೇ ಬಂದರು. ಫೋಟೊ ತೆಗೆಯುವವನು ಬಂದಾಗ ಅದನ್ನು ಕುತ್ತಿಗೆಗೆ ಇಳಿಸಿದರು. ಸ್ವಾಗತ, ಪ್ರಾಸ್ತಾವಿಕ, ಮನೆಯವರಿಗೆ ಶಾಲು, ಆಮೇಲೆ ಮಂಡಳಿಯ ಪ್ರತಿಯೊಬ್ಬ ಸದಸ್ಯರಿಂದ ಎರಡು ಮಾತು. ಎರಡು ಮಾತು ಎಂದವರು ಎಷ್ಟು ಮಾತಾಡುತ್ತಾರೆ ಎಂದು ನಿಮಗೆ ಗೊತ್ತಿದೆ. ಕರ್ತವ್ಯದ ದೀಪ, ಕರುಣೆಯ ಕಡಲು, ಎಲ್ಲವೂ ಬಂದವು. ಮುಖಗವಸು, ಕಿಟಕಿ, ಬಚ್ಚಲು ಬರಲಿಲ್ಲ. ಊದುಬತ್ತಿಯ ಹೊಗೆ ನೆಟ್ಟಗೆ ಮೇಲೇರಿ, ಎಲ್ಲಿಗೂ ಹೋಗಲು ದಾರಿ ಕಾಣದೆ, ಮೋಡದ ಹಾಗೆ ನಮ್ಮ ತಲೆಗಳ ಮೇಲೆ ನಿಂತಿತ್ತು. ಅತಿಥಿಗಳು ಭಾಷಣಕ್ಕೆ ಎದ್ದಾಗ ಕರೆಂಟು ಹೋಯಿತು. ಫ್ಯಾನುಗಳು ಮೆಲ್ಲಗೆ ನಿಂತವು.

ನಾನು ವೇದಿಕೆಯ ಎಡಗಡೆಗೆ, ಬಾಯಿಯವರ ಪಕ್ಕದಲ್ಲಿ ನಿಂತಿದ್ದೆ. ಮುಂದಿನ ಮಾತುಗಳನ್ನು ಸ್ಪಷ್ಟವಾಗಿ ಕೇಳಿದೆ. ಅತಿಥಿಗಳು ಸ್ವಲ್ಪ ಹೊತ್ತು ಮೈಕಿಲ್ಲದೆ ಮಾತಾಡಿದರು. ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಕೆಮ್ಮಿದರು. ಮತ್ತೆ ಕೆಮ್ಮಿದರು. ಆಮೇಲೆ ಕಾರ್ಯದರ್ಶಿಗಳ ಕಡೆ ತಿರುಗಿದರು.

“ಏನ್ರೀ ಇದು, ಉಸಿರ್ ಕಟ್ತದೆ ಇಲ್ಲಿ. ಆ ಕಿಟಕಿ ತೆಗೀರಿ.”

“ಅದು... ರೋಗದ ಸಲುವಾಗಿ ಮುಚ್ಚಿದ್ದು ಸರ್.”

“ರೋಗ ಹಾಳಾಗ್ಲಿ. ಮೊದ್ಲು ನಾವು ಬದುಕ್ಬೇಕಲ್ರೀ.”

ಕಾರ್ಯದರ್ಶಿಗಳು ಓಣಿಯ ಹಿರಿಯರ ಮುಖ ನೋಡಿದರು. ಹಿರಿಯರು ಆಗಲೇ ಪಂಚೆಯ ತುದಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಅವರಲ್ಲೊಬ್ಬರು, ತೆಗೀರಿ ಮಾರಾಯ್ರೇ, ನೋಡ್ತೀರೇನು ಎಂದರು. ವಿಮಲಾ ಆ ಮಾತಿಗೇ ಕಾದವಳಂತೆ ಜೇಬಿನಿಂದ ಬ್ಯಾಂಡೇಜ್ ಕತ್ತರಿ ತೆಗೆದು, ಹಿಂದಿನ ಸಾಲಿಗೆ ಹೋಗಿ ಪಾಂಡುರಂಗನ ಮುಂದೆ ಹಿಡಿದಳು.

“ಮಾಮಾ, ನೀ ಹಾಕಿದ್ದು. ನೀನೇ ತೆಗೀಬೇಕು.”

ಅವನು ಕತ್ತರಿಯನ್ನು ನೋಡಿದ, ಭಾವಚಿತ್ರವನ್ನು ನೋಡಿದ. ಅವನು ಮುಚ್ಚಿದ ಕಿಟಕಿಗೂ ಅವಳ ಸಾವಿಗೂ ಇದ್ದ ನಂಟನ್ನು ಅಲ್ಲಿಯ ತನಕ ಯಾರೂ ಅವನಿಗೆ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ. ಹೊರಗೆ ಹೋದ. ತಾಡಪತ್ರಿ ಹರಿಯುವ ಸದ್ದು ಕೇಳಿತು. ಆಮೇಲೆ ಒಳಗೆ ಬಂದು, ವೇದಿಕೆ ಹತ್ತಿ, ಅತಿಥಿಗಳನ್ನು ಸ್ವಲ್ಪ ಸರಿಯಿರಿ ಎಂದು ಕೈಯಿಂದಲೇ ಸರಿಸಿ, ಸಂದಿಯ ಹತ್ತಿಯನ್ನು ಕತ್ತರಿಯ ತುದಿಯಿಂದ ಕಿತ್ತು ತೆಗೆದ. ಅವನ ಕೆಲಸ ಅವನಿಗೇ ಸುಲಭವಾಗಿ ಬಿಡಲಿಲ್ಲ. ಅಂಗೈಯಿಂದ ಗುದ್ದಿದ. ಬಿಳಿ ಅಂಗಿಯ ತೋಳಿಗೆ ಡಾಂಬರು ಮೆತ್ತಿತು. ಕಿಟಕಿ ತೆರೆಯಿತು. ಓಣಿ ಕಡೆಯ ಎದುರು ಕಿಟಕಿಯನ್ನೂ ಹಾಗೇ ತೆರೆದ.

ಕಾಳಿಯ ಗಾಳಿ ಒಳಗೆ ಬಂತು. ಬಂದ ಕೂಡಲೇ ದೀಪ ಆರಿಸಿತು. ಕಾರ್ಯದರ್ಶಿಗಳು ಅಪಶಕುನ ಎಂಬಂತೆ ಅತ್ತ ಧಾವಿಸಿದರು. ಆ ದಿನ ಅವರು ಅಷ್ಟು ಕಳವಳಪಟ್ಟದ್ದನ್ನು ನಾನು ನೋಡಿದ್ದು ಆಗ ಮಾತ್ರ. ಹೊಗೆ ಓಣಿಯ ಕಡೆಗೆ ಓಡಿತು. ಬಾಯಿ ನನ್ನ ಮೊಣಕೈ ಹಿಡಿದರು. ಸರಳಿನ ಪಟ್ಟಿ ಎದ್ದು, ಅತಿಥಿಗಳ ತಲೆಯ ಮೇಲೆ ಹಾರಾಡುತ್ತಿತ್ತು. ಬಾಯಿ ಆಗ ಕುರ್ಚಿಯಲ್ಲಿ ಕುಳಿತರು.

ವಿಮಲಾ ವೇದಿಕೆಯ ಮುಂದೆ ನಿಂತು ಮಾತಾಡಿದಳು. ಧ್ವನಿ ಎತ್ತರಿಸಲಿಲ್ಲ.

“ಸಾಹೇಬ್ರು ಹೇಳಿ ತೆಗ್ಸಿದ ಕಿಟಕಿ ಇದು. ಇನ್ನು ಮುಚ್ಚೂದಿಲ್ಲ. ಮುಚ್ಚಿದ್ರೆ ನಾಳೆ ನಾವ್ಯಾರೂ ಒಳಗೆ ಬರೂದಿಲ್ಲ. ಸಾಹೇಬ್ರ ಕುತ್ತಿಗೇಲಿ ಇದ್ದದ್ದು ಇನ್ನೂ ಒಂದ್ ಪೆಟ್ಟಿಗೆ ಕಪಾಟಲ್ಲಿದೆ, ಅದು ನಮ್ಗೆ ಬೇಕು. ಮೈ ತೊಳ್ಯೂಕೆ ಜಾಗ ಬೇಕು. ಸುಲೋಚನಾ ಇದನ್ನೇ ಕೇಳಿದ್ದು. ಅವಳಿಗೆ ಸನ್ಮಾನ ಮಾಡೂದಾದ್ರೆ ಇದನ್ನ ಮಾಡಿ. ಶಾಲು ಅವಳ ಗಂಡ ಏನ್ ಮಾಡ್ತ?”

ಗಂಡ ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟ. ಮಗಳು ಅದನ್ನು ಇನ್ನೂ ಸಣ್ಣದಾಗಿ ಮಡಚಿದಳು. ನಾವು ನರ್ಸುಗಳು, ಆಯಾಗಳು ಗೋಡೆಯ ಬದಿಗೆ ನಿಂತಿದ್ದೆವು. ಒಬ್ಬೊಬ್ಬರಾಗಿ ವಿಮಲಾಳ ಹಿಂದೆ ಹೋಗಿ ನಿಂತೆವು. ಘೋಷಣೆ ಕೂಗಲು ನಮಗೆ ಬರುತ್ತಿರಲಿಲ್ಲ. ಫೋಟೊದವನು ಫೋಟೊ ತೆಗೆದ. ಅತಿಥಿಗಳು ಕ್ಯಾಮೆರಾ ನೋಡಿ, ಖಂಡಿತ, ಎಲ್ಲ ಆಗಬೇಕು, ಇಂದೇ ಆಗಬೇಕು ಎಂದರು. ಕಪಾಟಿನ ಬೀಗದ ಕೈಯನ್ನು ಯಾರೂ ಹುಡುಕಬೇಕಾಗಲಿಲ್ಲ, ಅದು ಕಾರ್ಯದರ್ಶಿಗಳ ಜೇಬಿನಲ್ಲೇ ಇತ್ತು.

ಮರುದಿನ ವಿಮಲಾ ಬಟ್ಟಲಿನ ಆಕಾರದ ಮುಖಗವಸು ಹಾಕಿಕೊಂಡು, ಪಟ್ಟಿ ನೋಡಿ, ವಾರ್ಡು ವಹಿಸಿಕೊಂಡಳು. ಓಣಿಯವರು ಯಾರೂ ಗಲಾಟೆ ಮಾಡಲಿಲ್ಲ. ಅವರೂ ಆ ದಿನ ಒಳಗೆ ಕುಳಿತಿದ್ದವರೇ. ಆ ವಾರ್ಡಿನಲ್ಲಿ ಆಮೇಲೆ ನಮ್ಮವರಲ್ಲಿ ಯಾರೂ ಸಾಯಲಿಲ್ಲ. ಕಿಟಕಿಯಿಂದಲೇ ಎಂದು ನಾನು ಪ್ರಮಾಣ ಮಾಡಲಾರೆ. ರೋಗವೂ ಆಗ ಇಳಿಯುತ್ತಿತ್ತು. ನಾನು ಕಂಡದ್ದನ್ನು ಮಾತ್ರ ಹೇಳುತ್ತೇನೆ.

ಬಚ್ಚಲುಮನೆ ಮರುವರ್ಷ ಬಂತು. ಅದರ ಗೋಡೆಯಲ್ಲಿ ಒಂದು ಕಲ್ಲು ಕೂಡಿಸಿ, ಉದ್ಘಾಟಿಸಿದ ಅತಿಥಿಗಳ ಹೆಸರು ಕೆತ್ತಿಸಿದರು, ಅಧ್ಯಕ್ಷರದ್ದು, ಕಾರ್ಯದರ್ಶಿಗಳದ್ದು, ಗುತ್ತಿಗೆದಾರನದ್ದೂ. ಸುಲೋಚನಾ, ಲಲಿತಾ ಹೆಸರಿಗೆ ಕಲ್ಲಿನಲ್ಲಿ ಜಾಗ ಸಾಲಲಿಲ್ಲವಂತೆ. ಇದು ಕೇಳಿದ್ದು. ಹೆಸರು ಇಲ್ಲದ್ದು ನಾನು ಕಂಡದ್ದು.

ಹತ್ತು ವರ್ಷಗಳ ಮೇಲೆ ಇನ್ನೊಂದು ರೋಗ ಬಂತು, ಅದು ನಿಮಗೆಲ್ಲ ಗೊತ್ತು. ನಾನು ಮನೆಯಲ್ಲಿ ಕುಳಿತು ಟೀವಿ ನೋಡುತ್ತಿದ್ದೆ. ಜನ ಅಂಗಳಕ್ಕೆ ಬಂದು ನರ್ಸುಗಳಿಗಾಗಿ ಚಪ್ಪಾಳೆ ತಟ್ಟಿದರು, ತಟ್ಟೆ ಬಡಿದರು. ಸದ್ದು ಬಹಳ ಆಯಿತು. ಮಳೆಕೋಟು ಸುತ್ತಿಕೊಂಡು ವಾರ್ಡಿಗೆ ಹೋದ ನಮ್ಮ ತಾಲೂಕಿನ ಹುಡುಗಿಯರು ಆ ಸದ್ದನ್ನು ಕೇಳಿಸಿಕೊಂಡರೋ ಇಲ್ಲವೋ ನನಗೆ ತಿಳಿಯದು. ಮನೆಗೆ ಬಂದು ಕೇಳಿದ ಮಕ್ಕಳೇ, ನೀವು ಈ ಕೆಲಸಕ್ಕೆ ಬರುತ್ತಿದ್ದೀರಿ. ನಿಮ್ಮನ್ನು ಯಾರಾದರೂ ದೇವತೆ ಎಂದು ಕರೆದರೆ ನಮಸ್ಕಾರ ಮಾಡಿ, ಆಮೇಲೆ ಕಪಾಟಿನಲ್ಲಿ ಏನಿದೆ ಎಂದು ಕೇಳಿ. ಮೆಲ್ಲಗೆ ಕೇಳಬೇಡಿ. ಒಬ್ಬರೇ ಹೋಗಬೇಡಿ. ಚಹಾ ಕೊಟ್ಟರೆ ಕುಡಿಯಿರಿ, ಕುಡಿದು ಎದ್ದು ಬರಬೇಡಿ.

ಆಸ್ಪತ್ರೆಯ ಕಟ್ಟಡ ಈಗ ಲಾಡ್ಜು. ಹವಾನಿಯಂತ್ರಣ ಹಾಕಿಸಿದ್ದಾರೆ, ಕಿಟಕಿಗಳು ತೆರೆಯುವುದಿಲ್ಲ.

ಬಾಯಿ ತೀರಿಕೊಂಡರು. ದೊಡ್ಡ ಡಾಕ್ಟರೂ ಇಲ್ಲ. ಕಿಟಕಿ ಮುಚ್ಚಿದ್ದನ್ನೂ ತೆರೆದದ್ದನ್ನೂ ಕಂಡವರಲ್ಲಿ ಕಾರ್ಯದರ್ಶಿಗಳು ಬದುಕಿದ್ದಾರೆ, ಕಾರವಾರದಲ್ಲೇ ಇದ್ದಾರೆ. ತೆರೆಸಿದ್ದು ತಾನೇ ಎಂದು ಹೇಳುತ್ತಾರೆ. ಮಾಜಾಳಿಯಲ್ಲಿ ಪಾಂಡುರಂಗ ಇದ್ದಾನೆ. ಕಣ್ಣು ಮಂಜಾಗಿದೆ, ಬೋಟಿನ ಕೆಲಸ ಬಿಟ್ಟಿದ್ದಾನೆ. ನಾನು ಹೋದಾಗಲೆಲ್ಲ ಅದೊಂದು ವಿಷಯ ಬಿಟ್ಟು ಉಳಿದೆಲ್ಲ ಮಾತಾಡುತ್ತಾನೆ. ಡಾಂಬರು ಹಿಡಿದ ಆ ಬಿಳಿ ಅಂಗಿ ಅವನ ಮನೆಯ ಗೂಟದಲ್ಲಿ ಈಗಲೂ ಇದೆ. ಸುಲೋಚನಾಳ ಮಗಳು ಇದ್ದಾಳೆ, ಅಂಕೋಲೆಯಲ್ಲಿ. ನರ್ಸ್ ಆಗಿದ್ದಾಳೆ, ಬೇಡ ಎಂದು ನಾವೆಲ್ಲ ಹೇಳಿದ ಮೇಲೂ. ಮುಚ್ಚಿದ ವಾರ್ಡಿನ ಒಳಗೆ ದುಡಿದ ನಾಲ್ವರು ನರ್ಸುಗಳಲ್ಲಿ ಈಗ ಉಳಿದವರು ಇಬ್ಬರು. ಒಬ್ಬಳು ವಿಮಲಾ. ಇನ್ನೊಬ್ಬ ನಾನು.